ಅರ್ಧ ಇಂಚು ಬಿಟ್ಟು

“ಸಾರ್, ಎರಡೂ ಕೈ ಕತ್ತರಿಸ್ಕೊಂಡು ಹೋಗ್ಬಿಟ್ಟಿದ್ದಾರೆ!”

“ಯಾರದ್ರೀ? ಉಸಿರಾಡ್ತಿದ್ದಾರಾ?” ಇನ್‌ಸ್ಪೆಕ್ಟರ್ ಎದ್ದೇಬಿಟ್ಟರು.

“ಚಿತ್ರದ್ದು ಸಾರ್. ನಮ್ಮಕ್ಕನ ಚಿತ್ರ.”

ಇನ್‌ಸ್ಪೆಕ್ಟರ್ ಮತ್ತೆ ಕೂತರು. ಮಂಗಳವಾರ ಬೆಳಿಗ್ಗೆ 9.40. ದೂರುದಾರ ಹೆಸರಾಂತ ಚಿತ್ರಕಾರ. ಹತ್ತೊಂಬತ್ತನೇ ವಯಸ್ಸಿನಲ್ಲಿ ಬರೆದ ಅಕ್ಕನ ಚಿತ್ರವೇ ಅವನಿಗೆ ಹೆಸರು ತಂದದ್ದು. ಭಾನುವಾರ ಪ್ರದರ್ಶನ ಶುರುವಾಗಿತ್ತು. ಸೋಮವಾರದ ಪೇಪರಿನಲ್ಲಿ ಚಿತ್ರದ ಪಕ್ಕ ಅಕ್ಕ ಹಲ್ಲು ಬಿಟ್ಟು ನಿಂತಿದ್ದಳು. 10.15ಕ್ಕೆ ಎಫ್‌ಐಆರ್ ದಾಖಲಾಯಿತು.

11 ಗಂಟೆಗೆ ಪ್ರದರ್ಶನದ ಹಾಲಿನಲ್ಲಿ ಪಂಚನಾಮೆ. ಠಾಣೆಯಲ್ಲಿ ‘ದುರ್ಬೀನು’ ಎಂದೇ ಕರೆಸಿಕೊಳ್ಳುವ ಹೆಡ್ ಕಾನ್‌ಸ್ಟೆಬಲ್ ಕ್ಯಾನ್ವಾಸಿಗೆ ಮೂಗು ತಾಗುವಷ್ಟು ಬಗ್ಗಿದಳು. ಮುಖಕ್ಕೆ ಒಂದು ಗೀರೂ ಇಲ್ಲ, ಮಡಿಲಷ್ಟೇ ತೂತು. ಚಿತ್ರದ ಫೋಟೋ ಪಕ್ಕಕ್ಕಿಟ್ಟು ಅಳೆದಳು. ಕೈಗಳ ಸುತ್ತ ಒಂದೇ ಸಮ ಅರ್ಧ ಇಂಚು ಬಿಟ್ಟು ಕತ್ತರಿ ಓಡಿತ್ತು.

“ಇದು ಟೈಲರ್ ಕೆಲಸ ಸಾರ್. ಮಡಚಿ ಹೊಲಿಯೋಕೆ ಅಂಚು ಬಿಟ್ಟಿದ್ದಾರೆ. ಕದಿಯೋವಾಗ್ಲೂ ಅಭ್ಯಾಸ ಬಿಟ್ಟಿಲ್ಲ ನೋಡಿ!”

ಫೋಟೋದಲ್ಲಿ ಇನ್ನೊಂದು ಕಂಡಿತು. ಎಡಗೈ ಕಿರುಬೆರಳು ಕೊಕ್ಕೆಯಂತೆ ಬಾಗಿತ್ತು.

ಮಧ್ಯಾಹ್ನ 1ಕ್ಕೆ ದುರ್ಬೀನು ಅಕ್ಕನ ಮನೆಯಲ್ಲಿದ್ದಳು.

“ಕೈ ತೋರಿಸಿ ಅಮ್ಮಾ.”

“ಭವಿಷ್ಯ ಹೇಳ್ತೀರಾ?” ಹತ್ತೂ ಬೆರಳು ನೆಟ್ಟಗಿದ್ದವು.

“ಚಿತ್ರದಲ್ಲಿರೋ ಕೈ ಯಾರದ್ದು?”

“ಎರಡು ದಿನ ಕೂತು ಬೇಜಾರಾಗಿ ಎದ್ದೆ. ಆಮೇಲೆ ತಂಗಿನ ಕೂರಿಸ್ಕೊಂಡಿರ್ಬೇಕು. ಕೈ ಯಾರು ನೋಡ್ತಾರೆ ಬಿಡಿ!”

“ತಂಗಿ ಏನು ಮಾಡ್ತಾರೆ?”

“ಬಟ್ಟೆ ಹೊಲೀತಾಳೆ.”

3.30ಕ್ಕೆ ತಂಗಿಯ ಅಂಗಡಿ. ಪೊಲೀಸರನ್ನು ಕಂಡರೂ ಅವಳು ಹೊಲಿಗೆ ನಿಲ್ಲಿಸಲಿಲ್ಲ. ಬಟ್ಟೆ ಒತ್ತಿ ಹಿಡಿದ ಎಡಗೈಯ ಕಿರುಬೆರಳು ಕೊಕ್ಕೆಯಂತಿತ್ತು.

“ನಿನ್ನೆ ಸಂಜೆ ಎಲ್ಲಿದ್ರಿ?”

“ಅಣ್ಣನ ಪ್ರದರ್ಶನದಲ್ಲಿ. ಭಾನುವಾರದ ಉದ್ಘಾಟನೆಗೆ ಅಕ್ಕನಿಗೆ ಮುಂದಿನ ಸಾಲು, ನನಗೆ ನಿನ್ನೆ ಟಿಕೆಟ್ಟು.”

“ಕೈ ಎಲ್ಲಿ?”

ಅವಳೇ ಡ್ರಾಯರ್ ಎಳೆದಳು. ಅಂಚು ಮಡಚಿ ಹೊಲಿದೂ ಆಗಿತ್ತು.

“ಮೂರು ವಾರ ಕೂತಿದ್ದೆ ಮೇಡಂ. ನೊಣ ಕೂತ್ರೂ ಅಲುಗಾಡಲಿಲ್ಲ. ‘ಚಿತ್ರದ ಜೀವವೇ ಕೈಗಳು’ ಅಂತ ಪೇಪರಲ್ಲಿ ಬರೆದು, ಕೆಳಗೆ ಅವಳ ಫೋಟೋ ಹಾಕಿದ್ರು. ಹೊಟ್ಟೆ ಉರಿದುಹೋಯ್ತು. ನನ್ನದನ್ನ ನಾನು ತಂದೆ.”

4.10ಕ್ಕೆ ಬಂಧನ. ಕಾರಣ ಎಂಬ ಕಡೆ ‘ಅಸೂಯೆ’ ಎಂದು ಬರೆದ ದುರ್ಬೀನಿಗೆ ಆ ಒಂದು ಪದ ಸಾಲದು ಅನ್ನಿಸಿತು.

ಸಂಜೆ ಚಿತ್ರಕಾರ ಬಂದು ಮೇಜಿನ ಮೇಲಿದ್ದ ಕೈಗಳನ್ನೇ ನೋಡುತ್ತ ನಿಂತ.

“ಅವಳು ಕೂತಿದ್ದೇ ಮರೆತುಹೋಗಿತ್ತು... ದೂರು ವಾಪಸ್ ತಗೋಬಹುದಾ?”

“ಅದನ್ನ ಕೋರ್ಟಲ್ಲಿ ಕೇಳಿ,” ಎಂದರು ಇನ್‌ಸ್ಪೆಕ್ಟರ್. “ನಾಳೆ ಎರಡಕ್ಕೆ ಹಾಜರುಪಡಿಸ್ತೀವಿ. ಅದಕ್ಕೆ ಮುಂಚೆ ಇಲ್ಲೇ ನೋಡ್ಬಹುದು.”

“ಒಂಬತ್ತಕ್ಕೆ ಬರ್ತೀನಿ. ಕಾಗದ, ಪೆನ್ಸಿಲ್ ತರ್ತೀನಿ. ಈ ಸಲ ಮುಖ. ಕೂತ್ಕೋತಾಳಾ ಕೇಳಿ ಮೇಡಂ.”

ದುರ್ಬೀನು ಲಾಕಪ್ಪಿಗೆ ಹೋಗಿ ಕೇಳಿದಳು. ತಂಗಿ ಕಿಟಕಿಯತ್ತ ನೋಡಿದಳು.

“ಹನ್ನೊಂದಕ್ಕೆ ಬರೋಕೆ ಹೇಳಿ. ಅವನಿಗೆ ಆ ಹೊತ್ತಿನ ಬೆಳಕೇ ಆಗಬೇಕು. ಅದನ್ನೂ ಮರೆತಿದ್ದಾನೆ, ನೋಡಿ.”

ದುರ್ಬೀನು ಡೈರಿಯಲ್ಲಿ ಬರೆದುಕೊಂಡಳು: ಬುಧವಾರ, ಬೆಳಿಗ್ಗೆ 11.