ದನಿ ಕಿತ್ತುಕೊಳ್ಳುವ ಡೆಕ್

"ಆ ಕಪ್ಪು ಡೆಕ್ಕೊಂದು ಬೇಡ ಸ್ವಾಮಿ. ಬೇರೆ ಯಾವ್ದಾದ್ರೂ ತಗೊಳ್ಳಿ," ಎಂದ, ಹಳೇ ಕ್ಯಾಸೆಟ್ ಡೆಕ್ಕುಗಳನ್ನು ರಿಪೇರಿ ಮಾಡಿ ಮಾರುವ ಮುದುಕ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒಂದು ಡೆಕ್ಕಿನ ಒಳಗೆ ಒರೆಸುತ್ತಿದ್ದ. "ಯಾರೋ ತಾಯಿ, ತೀರಿಹೋದ ಮಗನ ದನಿ ಕೇಳ್ಬೇಕು ಅಂತ ಅದಕ್ಕೆ ಮಾಟ ಮಾಡಿಸಿದ್ಲು. ಸತ್ತೋರ ದನಿ ಚೆನ್ನಾಗಿ ಕೊಡುತ್ತೆ. ಆದ್ರೆ ಬದುಕಿರೋರ ದನಿ ಕಿತ್ಕೊಂಡು ಕೊಡುತ್ತೆ."

"ಹಾಗಾದ್ರೆ ನಮ್ಮ ಮ್ಯಾನೇಜರ್‌ದು ಕಿತ್ಕೊಳ್ಳಲಿ ಯಜಮಾನ್ರೇ, ಆಫೀಸಿಗೇ ನೆಮ್ಮದಿ!" ಎಂದು ನಕ್ಕ ಗಿರಾಕಿ. ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ; ತನ್ನ ಕಿವಿಯ ಮೇಲೆ ಅವನಿಗೆ ಎಲ್ಲಿಲ್ಲದ ಜಂಬ.

ಅವನ ಹೆಂಡತಿ ತೀರಿಕೊಂಡು ಆರು ವರ್ಷ. ಅವಳ ದನಿ ಉಳಿದಿದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಕೂಸಿನ ಕಾಲ್ಬೆರಳು ಎಣಿಸುತ್ತಾಳೆ, ಏಳಕ್ಕೆ ಬಂದಾಗ ನಗು ತಡೆಯಲಾರದೆ ಮತ್ತೆ ಒಂದರಿಂದ ಶುರುಮಾಡುತ್ತಾಳೆ. ಆ ಕೂಸಿಗೆ ಈಗ ಏಳು ವರ್ಷ. ಅಮ್ಮನ ದನಿಯನ್ನು ಅವಳಿಗೆ ಒಮ್ಮೆಯಾದರೂ ಸರಿಯಾಗಿ ಕೇಳಿಸಬೇಕು, ಅಷ್ಟೇ ಅವನ ಆಸೆ.

ತೀರಾ ಪರಿಚಯದ ಟೇಪನ್ನೇ ಹಾಕಿ ಮೆಷಿನ್ನನ್ನು ಅಳೆಯುವುದು ಆ ಕೆಲಸದವರ ರೂಢಿ. ಬೇರೆಯವರಾದರೆ ಯಾವುದೋ ಹಾಡು ಹಾಕುತ್ತಿದ್ದರು. ಇವನು, ಪುಣ್ಯಾತ್ಮ, ಹೆಂಡತಿಯ ಕ್ಯಾಸೆಟ್ಟನ್ನೇ ಹಾಕಿದ. ಮೊದಲನೇ ಡೆಕ್ಕಿನಲ್ಲಿ ದನಿ ತೂರಾಡಿತು, ಚಕ್ರ ತಿರುಗಿಸುವ ಬೆಲ್ಟ್ ಸಡಿಲ. ಎರಡನೆಯದರಲ್ಲಿ ಬಾಯಿಗೆ ಬಟ್ಟೆ ಕಟ್ಟಿದಂತೆ ಮಂಕು, ಟೇಪು ಓದುವ ಹೆಡ್ ಸವೆದಿತ್ತು. ಮೂರನೆಯದು ಆ ಕಪ್ಪು ಡೆಕ್. ಬಾಗಿಲು ತೆರೆದರೆ ಸುಟ್ಟ ಕೂದಲಿನ ವಾಸನೆ. ಗುಂಡಿ ಒತ್ತಿದ. ಟೇಪಿನ ಸುಯ್ಯೆನ್ನುವ ಸದ್ದೇ ಇಲ್ಲ! ಬಳೆಯ ಸದ್ದು ಕೇಳಿತು. ಎರಡಕ್ಕೂ ಮೂರಕ್ಕೂ ನಡುವೆ ಅವಳು ಎಳೆದುಕೊಂಡ ಉಸಿರು ಕೇಳಿತು. ಮುದುಕನ ಎದುರೇ ಅವನು ಬಿಕ್ಕಿ ಬಿಕ್ಕಿ ಅತ್ತ. ಅದನ್ನೇ ಹೊತ್ತುಕೊಂಡು ಮನೆಗೆ ನಡೆದ.

ಮಧ್ಯಾಹ್ನದ ಬಿಸಿಲಲ್ಲೂ ಪರದೆ ಎಳೆದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. "ಅಯ್ಯೋ, ಅಮ್ಮ ನಗ್ತಾಳೆ! ಇನ್ನೊಂದ್ಸಲ ಅಪ್ಪಾ." ಇನ್ನೊಂದು ಸಲ. ಮತ್ತೊಂದು ಸಲ. ಮೂರನೇ ಸಲಕ್ಕೆ ಮಗುವಿನ ಗಂಟಲು ಕಟ್ಟಿತು. "ಕದ್ದು ಐಸ್‌ಕ್ರೀಮ್ ತಿಂದ್ಯಾ ಕಳ್ಳಿ?" ಎಂದು ಕೆನ್ನೆ ಹಿಂಡಿದ. ಐದನೇ ಸಲ ಅವಳು ಬಾಯಿ ತೆರೆದಳು. ದನಿ ಬರಲಿಲ್ಲ.

ಸ್ಪೀಕರಿನಿಂದ ಬಂತು.

"ಅಪ್ಪಾ, ಇಲ್ಲಿ ಕತ್ಲೆ."

ಅವನು ಸ್ಟಾಪ್ ಒತ್ತಿದ. ನಿಲ್ಲಲಿಲ್ಲ. ವೈರು ಕಿತ್ತೆಸೆದ. ಚಕ್ರಗಳು ತಿರುಗುತ್ತಲೇ ಇದ್ದವು. ಕೂದಲು ಸುಟ್ಟ ವಾಸನೆ ಕೋಣೆ ತುಂಬಿತು. ತೊಡೆಯ ಮೇಲೆ ಮಗು ಮೂಕವಾಗಿ ಅಳುತ್ತಿತ್ತು. ಅಳುವಿನ ಸದ್ದೆಲ್ಲ ಸ್ಪೀಕರಿನಲ್ಲಿ. ಟೇಪು ಮುಗಿದಾಗಲೇ ಅದು ನಿಂತಿತು.

ಅವನು ಮುದುಕನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ.

"ಸತ್ತೋರ ರಕ್ತ ಹಂಚ್ಕೊಂಡೋರ ದನೀನೇ ಅದು ಕಿತ್ಕೊಳ್ಳೋದು. ಅದೇ ಡೆಕ್ಕಲ್ಲಿ, ಅದೇ ಟೇಪನ್ನ ಪೂರ್ತಿ ಅಳಿಸ್ಬೇಕು," ಎಂದ ಮುದುಕ. "ನಕಲು ಇಟ್ಕೊಂಡ್ರೂ ಮಗೂಗೆ ಮಾತು ಬರಲ್ಲ. ನಾನು ಹೇಳಿದ್ದೆ ಸ್ವಾಮಿ..."

ಯಾರೂ ತಪ್ಪಿ ಅಳಿಸಬಾರದೆಂದು ಕ್ಯಾಸೆಟ್ಟಿನ ಅಂಚಿನ ಪ್ಲಾಸ್ಟಿಕ್ ಚೂರನ್ನು, ಹೆಂಡತಿ ಸತ್ತ ದಿನ, ಅವನೇ ಮುರಿದುಹಾಕಿದ್ದ. ಈಗ ಅಳಿಸಲು ಬರುವಂತೆ ಆ ತೂತಿಗೆ ಅವನೇ ಅಂಟುಪಟ್ಟಿ ಹಚ್ಚಿದ. ಎರಡು ಸಲ ಸೊಟ್ಟಗಾಯಿತು, ಕಿತ್ತು ಮತ್ತೆ ಹಚ್ಚಿದ. "ಕ್ಷಮಿಸೇ," ಎಂದ. ವೈರು ಸಿಕ್ಕಿಸಿ, ಟೇಪನ್ನು ಮೊದಲಿಗೆ ಸುತ್ತಿ, ಹಳೇ ದನಿಯ ಮೇಲೆ ಬರೀ ಮೌನ ತುಂಬಲು ರೆಕಾರ್ಡ್ ಒತ್ತಿದ.

ಅರ್ಧ ಗಂಟೆ. ಮೀಟರಿನ ಮುಳ್ಳುಗಳು ಅಲುಗಲಿಲ್ಲ. ಮೊದಲು ಮಗು ಕೆಮ್ಮಿತು. ಆಮೇಲೆ ನರಳಿತು. ಅವನು ಕಣ್ಣು ಮುಚ್ಚಿ, ಹೆಂಡತಿಯ ಜೊತೆ ಮನಸ್ಸಿನಲ್ಲೇ ಎಣಿಸಿದ. ನಾಲ್ಕರವರೆಗೆ ಅವಳ ದನಿ ಇತ್ತು. ಐದಕ್ಕೆ ಕ್ಷೀಣಿಸಿತು. ಆರಕ್ಕೆ ಬರೀ ಅಂಕಿ ಉಳಿಯಿತು.

ಟಕ್ಕೆಂದು ಟೇಪು ನಿಂತಿತು.

"ಅಪ್ಪಾ," ಎಂದಳು ಮಗಳು, ಗಟ್ಟಿಯಾಗಿ. ಅವನು ಅವಳನ್ನು ಉಸಿರುಗಟ್ಟುವಂತೆ ತಬ್ಬಿಕೊಂಡ. ಅವಳು ಕೊಸರಿಕೊಂಡು ಅವನ ಮುಖ ನೋಡಿದಳು. "ಅಮ್ಮನ ದನಿ ನಂಗೆ ಮರ್ತೇ ಹೋಯ್ತು. ಹೇಗಿತ್ತಪ್ಪಾ?"

ಅವನು ಮನಸ್ಸಿನಲ್ಲೇ ಮತ್ತೆ ಒಂದರಿಂದ ಎಣಿಸಿ ನೋಡಿದ, ಬರೀ ಅಂಕಿಗಳೇ ಬಂದವು.

"ನಿನ್ನ ಥರಾನೇ, ಪುಟ್ಟಿ," ಎಂದ. ಅದು ನಿಜವೋ ಸುಳ್ಳೋ ಅವನಿಗೇ ಗೊತ್ತಿರಲಿಲ್ಲ.