ಕಿರುಚಿದ ಹರ್ಡಿ-ಗರ್ಡಿ

"ಕ್ರೀಂಯ್ಯ್‌ಕ್!"

"ಕ್ಲಾರಿಸ್ಸಾ, ಯಾವ ಬೆಕ್ಕಿನ ಬಾಲ ತುಳಿದೆ?" ಅಡುಗೆಮನೆಯಿಂದ ಮಮ್ಮಿ ಕೂಗಿದರು.

"ಬೆಕ್ಕಲ್ಲ ಮಮ್ಮಿ, ಹರ್ಡಿ-ಗರ್ಡಿ!"

ಅದು ಮ್ಯೂಸಿಕ್ ಟೀಚರ್ ಸ್ಯಾಮುವೆಲ್ ಸರ್ ಅವರ ವಾದ್ಯ. ಪಿಟೀಲಿಗೆ ಬಿಲ್ಲು ಇದ್ದಂತೆ ಇದಕ್ಕೆ ಮರದ ಚಕ್ರ. ಹಿಡಿ ತಿರುಗಿಸಿದರೆ ಚಕ್ರ ತಂತಿಗಳನ್ನು ಉಜ್ಜುತ್ತದೆ, ಅವು ಹಾಡುತ್ತವೆ. ನಾಳೆ ಆನ್ಯುವಲ್ ಡೇ. ಕ್ಲಾರಿಸ್ಸಾ ಒಬ್ಬಳೇ ಸ್ಟೇಜಿನಲ್ಲಿ ಇದನ್ನು ನುಡಿಸಬೇಕು. ನಿನ್ನೆ ನೋಡಿದರೆ ದಪ್ಪ ತಂತಿ ತುಂಡು! ಅಂಥದ್ದು ಕುವೈತಿನಲ್ಲಿ ಸಿಗದೆ, ಸರ್ ದೊಡ್ಡ ಪಿಟೀಲಿನಂಥ ಚೆಲ್ಲೋದ ತಂತಿಯನ್ನೇ ಕತ್ತರಿಸಿ ಹಾಕಿಕೊಟ್ಟಿದ್ದರು. "ಕಿರುಚಿದರೆ ಫೋನ್ ಮಾಡು" ಎಂದಿದ್ದರು.

ಫೋನ್ ಯಾಕಂತೆ? ಶುಐಬಾ ಪ್ಲಾಂಟಿನ ಮೆಕ್ಯಾನಿಕ್ ಹೆನ್ರಿಯ ಮಗಳಿಗೆ ಇಷ್ಟೂ ಗೊತ್ತಿಲ್ಲವೇ! ಬಾಗಿಲು, ಫ್ಯಾನು, ಸೈಕಲ್, ಏನು ಕಿರುಚಿದರೂ ಡ್ಯಾಡಿ ಎಣ್ಣೆ ಹಾಕುತ್ತಾರೆ. ಅವಳೂ ಚಕ್ರಕ್ಕೆ ನಾಲ್ಕು ಹನಿ ಬಿಟ್ಟು ತಿರುಗಿಸಿದಳು.

ಕಿರುಚಾಟ ನಿಂತಿತು. ಹಾಡೂ ನಿಂತಿತು! ಚಕ್ರ ಸುಮ್ಮನೆ ಜಾರುತ್ತಿತ್ತು.

ಕಂಪೆನಿ ಬಸ್ಸಿಳಿದು ಬಂದ ಡ್ಯಾಡಿ ಚಕ್ರ ಮುಟ್ಟಿ ಬೆರಳು ಮೂಸಿದರು. "ಅಯ್ಯೋ ಮಾರಾಯ್ತಿ, ಎಣ್ಣೆಯಾ?"

"ನೀವೂ ಹಾಕ್ತೀರಲ್ಲ!" ಕ್ಲಾರಿಸ್ಸಾ ಗಳಗಳನೆ ಅತ್ತಳು. "ನನ್ನ ಪ್ರೋಗ್ರಾಂ ಖಲಾಸ್!"

"ಖಲಾಸ್ ಅನ್ಲಿಕ್ಕೆ ನೀನೇನು ನಮ್ಮ ಫೋರ್ಮನ್ನಾ? ಯಲ್ಲಾ, ಬೇಗ ಸರ್‌ಗೆ ಫೋನ್ ಮಾಡು."

ಅವಳು ಹೆದರುತ್ತಲೇ ಎಲ್ಲ ಹೇಳಿದಳು. ಸರ್ ಗೊಳ್ಳೆಂದು ನಕ್ಕರು.

"ಸ್ಪಿರಿಟಿನಲ್ಲಿ ಎಣ್ಣೆ ಒರೆಸಿ, ಬಾಕ್ಸಿನಲ್ಲಿರೋ ರೋಸಿನ್ ರಾಳ ಉಜ್ಜು. ಅದರ ಅಂಟಿಲ್ಲದೆ ಚಕ್ರ ತಂತಿಯನ್ನು ಹಿಡಿಯುವುದಿಲ್ಲ. ಆಮೇಲೆ ಚಕ್ರ ತಾಗುವ ಜಾಗದಲ್ಲಿ ತಂತಿಗೆ ಹತ್ತಿ ಸುತ್ತು. ಎಷ್ಟು ಅಂತ ನಿನ್ನ ಕಿವಿಯೇ ಹೇಳ್ಬೇಕು."

ಮಮ್ಮಿ, ಅಂದರೆ ನರ್ಸ್ ಐವಿ, ಇರುವ ಮನೆಯಲ್ಲಿ ಸ್ಪಿರಿಟಿಗೂ ಹತ್ತಿಗೂ ಬರವೇ? ಡ್ಯಾಡಿ ಒರೆಸಿ ರೋಸಿನ್ ಉಜ್ಜಿದರು. ಕ್ಲಾರಿಸ್ಸಾ ಹತ್ತಿ ಸುತ್ತಿದಳು. ಹೆಚ್ಚಾಯಿತು; ದನಿ ಶೀತವಾದವರ ಮೂಗಿನಂತೆ ಕಟ್ಟಿತು. ಒಂದಿಷ್ಟು ಕಿತ್ತಳು, ಮತ್ತೆ ಕ್ರೀಂಯ್ಯ್‌ಕ್! ಇನ್ನೊಂದೆಳೆ ಸುತ್ತಿದಳು.

ಹ್ಞೂಂಂಂ... ವಾದ್ಯ ತುಂಬುಗಂಟಲಲ್ಲಿ ಹಾಡಿತು. ಮಮ್ಮಿ ಸೌಟು ಹಿಡಿದೇ ಬಂದು ಒಂದು ಸುತ್ತು ಕುಣಿದರು. ಕ್ಲಾರಿಸ್ಸಾಳಿಗೆ ಖುಷಿಯೋ ಖುಷಿ.

ಡ್ಯಾಡಿ ಮಾತ್ರ ಕಿವಿಗೊಟ್ಟರು. "ಒಳಗೆ ಸ್ವಲ್ಪ ಕರಕರ ಉಂಟಲ್ಲ. ಅದನ್ನೂ ತೆಗೆಯುವನಾ?"

ಕ್ಲಾರಿಸ್ಸಾ ಕಣ್ಣು ಮುಚ್ಚಿ ಮೆಲ್ಲಗೆ ಹಿಡಿ ತಿರುಗಿಸಿದಳು. ಚಕ್ರ ತಂತಿಯನ್ನು ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು ಅವಳ ಅಂಗೈಗೇ ತಿಳಿಯುತ್ತಿತ್ತು.

"ಬೇಡ ಡ್ಯಾಡಿ, ಇರ್ಲಿ," ಎಂದಳು. "ಆ ಕರಕರವೇ ಹಾಡ್ತಾ ಇರೋದು."