ಕಮಲಾಪುರದ ಹಸಿರು ಕಲ್ಲು

ನಿಜಾಮರ ಪಂಚಾಂಗದ ಫಸಲಿ 1321, ಬಹಮನ್ ತಿಂಗಳ 12ನೇ ತಾರೀಖು, ಬೆಳಗಿನ ಎಂಟು ಗಂಟೆಗೆ ರತ್ನ ಪರೀಕ್ಷಕ ಗುರುಲಿಂಗಪ್ಪ ಕಲಬುರಗಿ ಠಾಣೆಗೆ ಬಂದು ಫಿರ್ಯಾದು ಕೊಟ್ಟ. ಕಮಲಾಪುರದ ಸಾಹುಕಾರರ ಬಾವಿಯಲ್ಲಿ ಸಿಕ್ಕ ಪಚ್ಚೆಯನ್ನು ಬಾವಿ ತೋಡುವ ಕಾಶಿರಾಯ ಪರೀಕ್ಷೆಗೆ ತಂದಿದ್ದ. ಬೆಲೆ ಎರಡು ಸಾವಿರ ರೂಪಾಯಿ. ರಾತ್ರಿ ಅಂಗಡಿಯ ಕಟ್ಟೆಯ ಮೇಲೆ ಮಲಗಿದ್ದ ಅವನೇ ಅದನ್ನು ಲಪಟಾಯಿಸಿದ್ದಾನೆ ಎಂಬುದು ಫಿರ್ಯಾದು.

ಗುರುಲಿಂಗಪ್ಪನ ಮಾತಿಗೆ ಊರಲ್ಲಿ ಎದುರಾಡುವವರಿರಲಿಲ್ಲ. ಠಾಣೆಯ ಅಧಿಕಾರಿ ಅಮೀನ್ ಯಂಕಪ್ಪ ಹಿಂದೆಮುಂದೆ ನೋಡದೆ ಕಾಶಿರಾಯನನ್ನು ಒಳಗೆ ಹಾಕಿದ.

“ಕಲ್ಲೆಲ್ಲಿ?”

“ಗುರುಲಿಂಗಪ್ಪಣ್ಣಾರ ಕೈಯಾಗ ಕೊಟ್ಟೀನ್ರಿ. ಕದ್ದಿದ್ರ ಓಡಿ ಹೋಗ್ತಿದ್ದೆ. ಕಟ್ಟಿ ಮ್ಯಾಲ ಮಲಗಿ ನಿಮಗ್ಯಾಕ ಸಿಗ್ತಿದ್ದೆ?”

ಮಾತು ಸರಿಯಾಗಿಯೇ ಇತ್ತು. ಯಂಕಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

21ರಂದು ಕಾಶಿರಾಯನ ಹೆಂಡತಿ ಬಂಡಮ್ಮ ಕಮಲಾಪುರದಿಂದ ನಡೆದೇ ಬಂದಳು. ಸೆರಗಿನ ಗಂಟು ಬಿಚ್ಚಿ ಹಸಿರು ಕಲ್ಲಿನ ತುಂಡೊಂದನ್ನು ಮೇಜಿನ ಮೇಲಿಟ್ಟಳು.

“ಬಾವಿ ಮಣ್ಣು ಜಾಲಾಡಿ ತಂದೀನ್ರಿ ಸಾಹೇಬ್ರ. ಅದರ ಬದಲಿ ಇದು ಇಟ್ಕೊಂಡು ಗಂಡನ್ನ ಬಿಡ್ರಿ.”

ಆ ವಾರ ಹೈದರಾಬಾದಿನ ಗಣಿ ಪರೀಕ್ಷಕರೊಬ್ಬರು ಐವಾನ್-ಎ-ಶಾಹಿ ಅತಿಥಿಗೃಹದಲ್ಲಿ ಇಳಿದಿದ್ದರು. ಯಂಕಪ್ಪ ತುಂಡನ್ನು ಅಲ್ಲಿಗೆ ಒಯ್ದ. ಅವರು ಚಾಕುವಿನಿಂದ ಗೀರಿದರು, ಗೀರು ಬಿತ್ತು. ಅಲಗು ಇಟ್ಟು ತಟ್ಟಿದರು; ಈರುಳ್ಳಿಯಂತೆ ಪದರು ಬಿಟ್ಟಿತು. ಪಚ್ಚೆಯಲ್ಲ, ಅಪೊಫಿಲೈಟ್ ಎಂದರು. ಕರಿಬಂಡೆಯ ಪೊಟರೆಯಲ್ಲಿ ಹುಟ್ಟುವ ಸಿಲಿಕೇಟ್ ಖನಿಜ. ಇಂಥ ಹಸಿರು ಅಪರೂಪ, ದೊಡ್ಡ ಹರಳು ಇಡಿಯಾಗಿದ್ದರೆ ವಸ್ತುಸಂಗ್ರಹಾಲಯದವರು ಐವತ್ತು ರೂಪಾಯಿ ಕೊಟ್ಟಾರು. ಸಾಣೆ ಹಿಡಿದರೆ ಮಾತ್ರ ಕೆಟ್ಟೀತು.

ಸಾಣೆ ಎಂದದ್ದೇ ಯಂಕಪ್ಪನಿಗೆ ಗುರುಲಿಂಗಪ್ಪನ ಸಾಣೆಕಲ್ಲು ನೆನಪಾಯಿತು. ಅಂದೇ ಸಂಜೆ ನಾಲ್ಕಕ್ಕೆ ಇಬ್ಬರು ಪಂಚರ ಸಮಕ್ಷಮ ಗುರುಲಿಂಗಪ್ಪನ ಅಂಗಡಿಯಲ್ಲಿ ಪಂಚನಾಮೆ ನಡೆಯಿತು. ಸಾಣೆಕಲ್ಲಿನ ಕೆಳಗಿನ ಕೆಸರಿನಲ್ಲಿ ಹಸಿರು ಪದರುಗಳು ಸಿಕ್ಕವು.

“ಮೊದಲೇ ಗೀರಿ ನೋಡಲಿಲ್ಲೇನ್ರಿ?” ಯಂಕಪ್ಪ ಕೇಳಿದ.

“ನಮ್ಮ ಮನೆತನದಾಗ ಕಣ್ಣಿಲೇ ನೋಡಿ ಬೆಲಿ ಹೇಳ್ತೀವಿ. ಗೀರೂದು ಕಲಿಯೋರ ಕೆಲಸ. ಪಚ್ಚೆ ಅಂತ ಸಾಹುಕಾರರಿಗೆ ಮೊಹರು ಹಾಕಿ ಚೀಟಿ ಕಳಿಸಿಬಿಟ್ಟಿದ್ದೆ. ಆಮ್ಯಾಲ ಒಂದು ಮೂಲಿ ಹೊಳಪು ಮಾಡಾಕ ಹೋದೆ, ಬಿಚ್ಚಿಕೊಂಡು ಬಿತ್ತು.” ಗುರುಲಿಂಗಪ್ಪ ಕೆಸರಿನ ಕಡೆ ಕೈ ತೋರಿಸಿದ. “ಪಚ್ಚೆ ಅಂದ್ರ ಎರಡು ಸಾವಿರ ತುಂಬಿ ಕೊಡಬೇಕು. ಅಲ್ಲ ಅಂದ್ರ ನಾಳೆ ಅಂಗಡಿಗೆ ಯಾರು ಬರ್ತಾರ? ಎತ್ತ ಹೊರಳಲಿ ಹೇಳ್ರಿ?”

“ಅದಕ್ಕ ಆ ಬಡವನ್ನ ಹಿಡಿಸಿದ್ರಿ.”

“ಕೂಲಿ ಮನಷ್ಯಾ. ನಾಕು ದಿನ ಒಳಗಿದ್ದು ಬಂದ್ರ ಅವಂದೇನು ಹೋಗ್ತದ ಅಂದ್ಕೊಂಡೆ.”

ಐದೂವರೆಗೆ ಗುರುಲಿಂಗಪ್ಪನ ದಸ್ತಗಿರಿಯಾಯಿತು. ಕಾಶಿರಾಯ ಹೊರಗೆ ಬಂದು ಅಮೀನರಿಗೆ ಕೈಮುಗಿದ. ಯಂಕಪ್ಪನಿಗೆ ತಲೆ ಎತ್ತಲಾಗಲಿಲ್ಲ. ಕೂಲಿಯವನದೇನು ಹೋಗುತ್ತದೆ ಎಂದು ಒಂಬತ್ತು ದಿನ ಅವನೂ ಅಂದುಕೊಂಡಿದ್ದ.